ಬಿಸಿಗೆ ಗಟ್ಟಿಯಾಗುವ ಔಷಧಿ

ಅಕ್ಕನ ಅಂಗಾಲಿಗೆ ಬಿಸಿ ಯಾವುದು, ತಣ್ಣಗೆ ಯಾವುದು ಎಂದು ತಿಳಿಯದೆ ಹೋಗಿ ಎಷ್ಟು ಕಾಲವಾಗಿತ್ತೋ ಮನೆಯವರಿಗೆ ಯಾರಿಗೂ ಗೊತ್ತಿರಲಿಲ್ಲ. ಅವಳಿಗೇ ಗೊತ್ತಿರಲಿಲ್ಲ. ಸಕ್ಕರೆ ಕಾಯಿಲೆ ಬಂದು ವರ್ಷಗಳಾಗಿದ್ದವು. ಮಾತ್ರೆ ನುಂಗುತ್ತಿದ್ದಳು, ಮದುವೆ ಮನೆಯಲ್ಲಿ ಹೋಳಿಗೆಯನ್ನೂ ಬಿಡುತ್ತಿರಲಿಲ್ಲ. "ಕಾಲು ಜೋಮು ಹಿಡಿದಂಗೆ ಇರುತ್ತೆ ಕಣೇ" ಎಂದು ಫೋನಿನಲ್ಲಿ ಆಗಾಗ ಹೇಳುತ್ತಿದ್ದಳು. ದಿನವಿಡೀ ನಿಂತು ಕೆಲಸ ಮಾಡುವವಳು, ಸುಸ್ತಿರಬೇಕು ಎಂದು ನಾನೂ ಅಂದುಕೊಂಡಿದ್ದೆ.

ಆ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ಎಲ್ಲರಂತೆ ಅವಳೂ ಬಚ್ಚಲೊಲೆಯ ಮುಂದೆ ಕಾಲು ಚಾಚಿ ಕೂತು ಮೈ ಕಾಸಿಕೊಂಡಿದ್ದಾಳೆ. ಎಮ್ಮೆ ಕರೆಯುವ ಹೊತ್ತಾಯಿತೆಂದು ಎದ್ದು ಹೋಗಿದ್ದಾಳೆ. ಮರುದಿನ ನಡುಮನೆಯ ನೆಲದ ಮೇಲೆ ಒಂದೇ ಕಾಲಿನ ಒದ್ದೆ ಗುರುತುಗಳು ಸಾಲಾಗಿ ಬಿದ್ದಿದ್ದನ್ನು ನೋಡಿ ಭಾವ ಕೇಳಿದರಂತೆ, "ಏನಿದು?" "ಎಲ್ಲೋ ನೀರು ತುಳಿದಿದೀನಿ" ಎಂದಳಂತೆ. ಅದು ನೀರಾಗಿರಲಿಲ್ಲ. ಬಲಗಾಲಿನ ಹೆಬ್ಬೆರಳ ಬುಡದಲ್ಲಿ ಸುಟ್ಟ ಗುಳ್ಳೆ ಒಡೆದು ಸೋರುತ್ತಿತ್ತು, ಅದರ ಮೇಲೆಯೇ ಅವಳು ಒಂದು ದಿನ ಪೂರ್ತಿ ಓಡಾಡಿದ್ದಳು.

ನಾನು ಶಿಕಾರಿಪುರದಲ್ಲಿ ಪ್ರೌಢಶಾಲೆಯ ಕನ್ನಡ ಶಿಕ್ಷಕಿ. ಅಕ್ಕನನ್ನು ಕೊಟ್ಟಿದ್ದು ಸೊರಬದ ಕಡೆಯ ಒಂದು ಹಳ್ಳಿಗೆ. ಅವ್ವ ತೀರಿಕೊಂಡ ಮೇಲೆ ನನಗೆ ಎಣ್ಣೆ ಹಚ್ಚಿ, ಜಡೆ ಹಾಕಿ, ಬೈದು ಶಾಲೆಗೆ ಅಟ್ಟಿದವಳು ಅವಳು. ಆ ಬೈಗುಳಕ್ಕೆಲ್ಲ ತಿರುಗಿ ಬೈಯುವ ಹಕ್ಕು ನನಗೊಬ್ಬಳಿಗೇ ಇದೆ ಎಂದು ನಾನು ತಿಳಿದಿದ್ದೇನೆ, ಅದನ್ನು ಧಾರಾಳವಾಗಿ ಚಲಾಯಿಸುತ್ತೇನೆ. ಗಾಯದ ವಿಷಯ ಅವಳು ನನಗೆ ಹೇಳಿರಲೇ ಇಲ್ಲ. ಅರಿಶಿನ ಮೆತ್ತಿ, ಬಟ್ಟೆ ಸುತ್ತಿ, ಮೇಲೆ ಸೀರೆ ಇಳಿಬಿಟ್ಟುಕೊಂಡು ಓಡಾಡುತ್ತಿದ್ದಳು. ಒಂದು ಭಾನುವಾರ ನಾನು ಹೋದಾಗ ಮೂಗಿಗೆ ವಾಸನೆ ಬಡಿಯಿತು. ಬಟ್ಟೆ ಬಿಚ್ಚಿ ನೋಡಿದೆ. ಅವತ್ತು ನನ್ನ ಬಾಯಿಗೆ ಬಂದಿದ್ದನ್ನೆಲ್ಲ ಇಲ್ಲಿ ಬರೆಯುವಂತಿಲ್ಲ. ಅಕ್ಕ ಪೂರ್ತಿ ಕೇಳಿಸಿಕೊಂಡು, ಕೊನೆಗೆ "ಆಯ್ತಾ? ಊಟಕ್ಕೆ ಏಳು" ಎಂದಳು.

ಶಿವಮೊಗ್ಗಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಮೆಲ್ಲಗೆ ಮಾತಾಡುವವರು. ಗಾಯ ತೊಳೆದು, ಎಕ್ಸ್‌ರೇ ತೆಗೆಸಿ, ಕಾಲಿಗೆ ರಕ್ತ ಹೇಗೆ ಹರಿಯುತ್ತಿದೆ ಎಂದು ಯಂತ್ರವಿಟ್ಟು ನೋಡಿದರು. "ರಕ್ತ ಕಮ್ಮಿ ಬರ್ತಿದೆ, ನಿಂತಿಲ್ಲ. ಗಾಯ ಇನ್ನೂ ಎಲುಬು ಮುಟ್ಟಿಲ್ಲ. ಮುಟ್ಟಿದ್ರೆ ಹೆಬ್ಬೆರಳು ತೆಗೀಬೇಕಾಗುತ್ತೆ" ಎಂದರು.

"ಹೆಬ್ಬೆರಳಿಲ್ದೆ ಗದ್ದೆ ಬದುವಿನ ಮ್ಯಾಲೆ ನಡೀಬಹುದಾ?" ಎಂದು ಅಕ್ಕ ಕೇಳಿದಳು.

"ಕಷ್ಟ ಅಮ್ಮ. ನಾವು ವಾಲದೆ ನಿಲ್ಲೋದೇ ಆ ಬೆರಳಿನ ಬಲದಿಂದ."

ದಿನಕ್ಕೆರಡು ಹೊತ್ತು ಬದುವಿನ ಮೇಲೆ ನಡೆದು ಡೇರಿಗೆ ಹಾಲು ಹಾಕಿಬರುವವಳು ಅಕ್ಕ. ಯಾರ ಮನೆಯಲ್ಲಿ ಏನಾಯಿತು ಎನ್ನುವುದೆಲ್ಲ ಅವಳಿಗೆ ತಿಳಿಯುವುದು ಆ ದಾರಿಯಲ್ಲೇ. ಆ ನಡಿಗೆ ನಿಂತರೆ ಅವಳು ಹೇಗಿದ್ದಾಳು ಎಂದು ಯೋಚಿಸಿದೆ.

ಡಾಕ್ಟರು ಒಂದು ಹೊಸ ಬಗೆಯ ಲೇಪದ ವಿಷಯ ಹೇಳಿದರು. "ಇದೊಂದೇ ವಾಸಿ ಮಾಡುತ್ತೆ ಅಂತ ನಾನು ಹೇಳಲ್ಲ. ಶುಗರ್ ಹತೋಟೀಲಿರ್ಬೇಕು, ಕಾಲಿನ ಮೇಲೆ ಭಾರ ಬೀಳಬಾರದು, ಸೋಂಕಿನ ಮಾತ್ರೆ ತಪ್ಪಿಸಬಾರದು. ಅದರ ಜೊತೆಗೆ ಇದು" ಎಂದು ಫ್ರಿಜ್ಜಿನಿಂದ ಸೂಜಿಯಿಲ್ಲದ ಒಂದು ಸಿರಿಂಜು ತೆಗೆದು ನನ್ನ ಅಂಗೈ ಮೇಲೆ ಎರಡು ಹನಿ ಬಿಟ್ಟರು. ನೀರು. ಅಂಗೈಯಿಂದ ಜಾರುತ್ತದೆ ಎಂದು ಕೈ ಬಾಗಿಸಿದೆ. ನೋಡನೋಡುತ್ತ ಅದು ಓಡುವುದನ್ನು ಬಿಟ್ಟು, ಮುದ್ದೆಯಾಗಿ, ಗಿಣ್ಣಿನ ಹಾಗೆ ಕೂತುಬಿಟ್ಟಿತು. ಕೈ ಅಡಿಮೇಲು ಮಾಡಿದರೂ ಬೀಳಲಿಲ್ಲ.

"ಇದರಲ್ಲಿ ಪಾಲಿಮರ್ ಅಂತ ಉದ್ದುದ್ದ ಎಳೆಗಳಿರ್ತವೆ. ತಣ್ಣಗಿದ್ದಾಗ ನೀರಲ್ಲಿ ಬಿಡಿಬಿಡಿಯಾಗಿ ತೇಲ್ಕೊಂಡಿರ್ತವೆ. ಮೈ ಬಿಸಿ ತಾಗಿದ ಕೂಡಲೇ ಒಂದಕ್ಕೊಂದು ಕಚ್ಕೊಂಡು ಬಲೆ ಆಗ್ತವೆ. ನೀರು, ಔಷಧಿ ಎರಡೂ ಅದರೊಳಗೇ ಸಿಕ್ಕಿಹಾಕ್ಕೊಂಡು ನಿಧಾನಕ್ಕೆ ಗಾಯಕ್ಕೆ ಇಳೀತವೆ. ಗಾಯ ಎಷ್ಟು ಅಂಕುಡೊಂಕಾಗಿದ್ರೂ ನೀರಾಗಿ ಹೋಗಿ ಮೂಲೆಮೂಲೆಗೂ ತುಂಬ್ಕೊಳ್ಳುತ್ತೆ. ತೆಗೆಯೋವಾಗ ತಣ್ಣನೆ ಸಲೈನ್ ಹಾಕಿದ್ರೆ ಮತ್ತೆ ಕರಗಿ ಹೋಗುತ್ತೆ. ಹೊಸ ಚರ್ಮ ಕಿತ್ತು ಬರಲ್ಲ."

ಅಕ್ಕ ನನ್ನ ಅಂಗೈಯನ್ನೇ ನೋಡುತ್ತಿದ್ದವಳು, "ಕೊಬ್ಬರಿ ಎಣ್ಣೆಗೆ ಉಲ್ಟಾ" ಎಂದಳು. ಡಾಕ್ಟರು ನಕ್ಕು, "ಅಷ್ಟೇ ಅಮ್ಮ, ನಾನು ಇಷ್ಟುದ್ದ ಹೇಳಿದ್ದು ಅದನ್ನೇ" ಎಂದರು.

ಅವತ್ತು ಅವರ ಹತ್ತಿರ ಬೇಕಾದಷ್ಟು ಇರಲಿಲ್ಲ. ತರಿಸಿ ಕಳಿಸುತ್ತೇವೆ ಎಂದರು. ನಮ್ಮ ಕಡೆ ಕಳಿಸುವುದು ಎಂದರೆ ಬಸ್ಸಿಗೆ ಹಾಕುವುದು. ಯಂತ್ರದ ಬಿಡಿಭಾಗ, ಮದುವೆಯ ಹಾರ, ಮರೆತುಹೋದ ಕನ್ನಡಕ, ಎಲ್ಲವೂ ಬಸ್ಸಿನ ಡ್ರೈವರ ಕೈಗೆ ಹೋಗುತ್ತದೆ. ಆ ಕಡೆ ಯಾರಾದರೂ ನಿಂತು ಇಳಿಸಿಕೊಳ್ಳುತ್ತಾರೆ. ಹಾಗೆಯೇ ಮೆಡಿಕಲ್ ಶಾಪಿನವರು ಥರ್ಮಾಕೋಲ್ ಡಬ್ಬದಲ್ಲಿ ಐಸ್ ಇಟ್ಟು, ಸಿರಿಂಜುಗಳನ್ನು ಜೋಡಿಸಿ, ಸೊರಬದ ಬಸ್ಸಿಗೆ ಹಾಕಿದರು. "ಕಾಯಿಲೆಯವರ ಔಷಧಿ, ಜೋಪಾನ" ಎಂದೂ ಹೇಳಿದರಂತೆ. ಡ್ರೈವರು ಒಳ್ಳೆಯ ಮನುಷ್ಯ. ಜೋಪಾನವಾದದ್ದನ್ನು ಇಡುವ ಜಾಗ ಯಾವುದು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ತಮ್ಮ ಪಕ್ಕದಲ್ಲೇ ಇಂಜಿನ್ನಿನ ಬಾನೆಟ್ಟಿನ ಮೇಲೆ ಇಟ್ಟು, ಅಲ್ಲಾಡದ ಹಾಗೆ ತಮ್ಮ ಟವೆಲನ್ನೂ ಒತ್ತಿಟ್ಟು, ಶಿಕಾರಿಪುರ, ಶಿರಾಳಕೊಪ್ಪ ದಾಟಿ ಸೊರಬದವರೆಗೂ ಕಾಯ್ದುಕೊಂಡು ಬಂದರು. ಬಸ್ ಸ್ಟ್ಯಾಂಡಿನಲ್ಲಿ ಭಾವನ ಕೈಗೆ ಕೊಡುವಾಗ, "ಯಾರನ್ನೂ ಮುಟ್ಟೋಕೆ ಬಿಟ್ಟಿಲ್ಲ ಕಣ್ರೀ" ಎಂದರಂತೆ. ಡಬ್ಬದ ತಳ ಕೈಗೆ ಬಿಸಿ ತಾಗುತ್ತಿತ್ತಂತೆ.

ಮನೆಗೆ ತಂದು ನೋಡಿದರೆ ಸಿರಿಂಜು ಒತ್ತಿದರೂ ಏನೂ ಬರದು. ಭಾವ ಆಸ್ಪತ್ರೆಗೆ ಬಂದಿರಲಿಲ್ಲ, ಎಮ್ಮೆ ನೋಡಿಕೊಳ್ಳಲು ಮನೆಯಲ್ಲೇ ಉಳಿದಿದ್ದರು. ಅವರ ಲೆಕ್ಕ ಸರಳವಾಗಿತ್ತು. ಚಳಿ ಜೋರಿದೆ, ಮೇಲಿಂದ ಐಸ್ ಬೇರೆ ಇಟ್ಟಿದ್ದಾರೆ, ಹೆಪ್ಪುಗಟ್ಟಿದೆ. ತಲೆಗೆ ಹಚ್ಚುವ ಎಣ್ಣೆ ಹೆಪ್ಪುಗಟ್ಟಿದಾಗ ಏನು ಮಾಡುತ್ತೇವೋ ಅದನ್ನೇ ಮಾಡಿದರು, ಒಂದು ಚೊಂಬು ಬೆಚ್ಚಗಿನ ನೀರಿನಲ್ಲಿ ಸಿರಿಂಜು ನಿಲ್ಲಿಸಿದರು. ಅದು ಇನ್ನಷ್ಟು ಗಟ್ಟಿಯಾಯಿತು. ಬಿಸಿ ಸಾಲದೇನೋ ಎಂದು ನೀರು ಬದಲಾಯಿಸಿದರು. ಅಕ್ಕ ಹಿತ್ತಿಲಿನಿಂದ ಕುಂಟುತ್ತ ಬಂದು ನೋಡಿ ಕೂಗಿಕೊಳ್ಳುವ ಹೊತ್ತಿಗೆ ನನಗೆ ಫೋನು ಬಂದಿತ್ತು.

"ಟೀಚರಮ್ಮ, ಇದು ಮೇಣ ಆಗೇತೆ" ಎಂದರು ಭಾವ.

ಸ್ಟಾಫ್ ರೂಮಿನಲ್ಲಿದ್ದೇನೆ ಎನ್ನುವುದನ್ನೂ ಮರೆತು ನಾನು ಕಿರುಚಾಡಿದೆ. ಆ ಡ್ರೈವರಿಗೆ, ಭಾವನಿಗೆ, ಬಿಸಿನೀರಿಗೆ, ಎಲ್ಲರಿಗೂ ಸರಿಯಾಗಿ ಬಿತ್ತು. ಭಾವ "ಹೂಂ, ಹೂಂ" ಎನ್ನುತ್ತ ಕೇಳಿಸಿಕೊಂಡರು. ಆಮೇಲೆ ಡಾಕ್ಟರಿಗೆ ಫೋನು ಮಾಡಿದೆ. "ಕುದಿಯೋ ನೀರಲ್ಲ ತಾನೆ? ಹಾಗಿದ್ರೆ ಗಾಬರಿ ಬೇಡ. ಫ್ರಿಜ್ಜಿನಲ್ಲಿಡಿ, ಮತ್ತೆ ನೀರಾಗುತ್ತೆ. ಅದರ ಗುಣವೇ ಅದು" ಎಂದರು. ಸಂಜೆಯ ಹೊತ್ತಿಗೆ, ಮೊಸರಿನ ಪಾತ್ರೆಯ ಪಕ್ಕದಲ್ಲಿ ಮಲಗಿದ್ದ ಔಷಧಿ ಏನೂ ನಡೆದೇ ಇಲ್ಲವೆಂಬಂತೆ ನೀರಾಗಿತ್ತು.

ಭಾನುವಾರ ನಾನೇ ಹೋಗಿ ಹಚ್ಚಿದೆ. ಕೈ ತೊಳೆದು, ಗಾಯ ತೊಳೆದು, ತಣ್ಣನೆಯ ಔಷಧಿಯನ್ನು ಮೆಲ್ಲಗೆ ಬಿಟ್ಟೆ. ಗಾಯದ ತುಂಬ ನಿಂತಿತು. ನಾವು ಮೂವರೂ ಬಗ್ಗಿ ನೋಡುತ್ತಿದ್ದೆವು. ನಿಂತ ಔಷಧಿ ಅಂಚಿನಿಂದ ಜಾರಿ, ಹಿಮ್ಮಡಿಯ ಕಡೆಗೆ ಹರಿದು, ಕೆಳಗೆ ಹಾಸಿದ್ದ ಬಟ್ಟೆಗೆ ಇಳಿಯಿತು. ಇನ್ನೊಂದಿಷ್ಟು ಬಿಟ್ಟೆ. ಅದೂ ಹರಿದುಹೋಯಿತು. ನನ್ನ ಅಂಗೈ ಮೇಲೆ ಮುದ್ದೆಯಾಗಿದ್ದು ಅವಳ ಕಾಲಿನ ಮೇಲೆ ನೀರಾಗಿಯೇ ಉಳಿಯಿತು.

"ಬಿಸಿನೀರಿಗೆ ಹಾಕಿ ನಾನೇ ಕೆಡಿಸಿದೆ" ಎಂದರು ಭಾವ.

ಅಕ್ಕ ಆವರೆಗೂ ಒಂದು ತೊಟ್ಟು ಕಣ್ಣೀರು ಹಾಕಿರಲಿಲ್ಲ. ಈಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಔಷಧಿ ಕೆಟ್ಟಿಲ್ಲ ಬಿಡ್ರಿ. ನನ್ನ ಕಾಲೇ ಸತ್ತೋಗೇತೆ. ಅದಕ್ಕೂ ಗೊತ್ತಾಗೇತೆ ನೋಡ್ರಿ" ಎಂದು ಅತ್ತಳು. ನನಗೆ ಬೈಯಲು ಯಾರೂ ಸಿಗಲಿಲ್ಲ. ನಾನೂ ಅತ್ತೆ.

ಭಾನುವಾರವಾದರೂ ಡಾಕ್ಟರು ಫೋನೆತ್ತಿದರು. ನಡೆದದ್ದನ್ನು ಕೇಳಿ, "ಪಾದ ಮುಟ್ಟಿ ನೋಡಿ, ತಣ್ಣಗಿದೆಯಾ?" ಎಂದರು. ಮುಟ್ಟಿದೆ. ಕೊರೆಯುತ್ತಿತ್ತು. ಆಸ್ಪತ್ರೆಯಲ್ಲಿ ನನ್ನ ಕೈ ಮೇಲೆ ತೋರಿಸಿದ್ದರೇ ಹೊರತು ಅವಳ ಕಾಲಿನ ಮೇಲೆ ಅಲ್ಲ. "ರಕ್ತ ಕಮ್ಮಿ, ಚಳಿ ಬೇರೆ. ಬಲೆ ಕಟ್ಟೋಕೆ ಬೇಕಾದಷ್ಟು ಬಿಸಿ ಆ ಚರ್ಮದಲ್ಲಿಲ್ಲ ಅಷ್ಟೆ. ಕಾಲು ಸತ್ತಿಲ್ಲ ಅಂತ ಅವರಿಗೆ ಹೇಳಿ. ಮೊದಲು ಪಾದ ಬೆಚ್ಚಗೆ ಮಾಡ್ಕೊಂಡು ಆಮೇಲೆ ಹಚ್ಚಿ. ಬಿಸಿನೀರಿನ ಚೀಲ ಬೇಡ, ಕೆಂಡ ಬೇಡ, ಅವರಿಗೆ ಸುಡೋದು ಗೊತ್ತಾಗಲ್ಲ. ನಿಮ್ಮ ಕೈಗಳಲ್ಲೇ ಹಿಡ್ಕೊಂಡು ಕೂತ್ಕೊಳ್ಳಿ. ಮನುಷ್ಯರ ಕೈಗಿಂತ ಹೆಚ್ಚಿನ ಬಿಸಿ ಬೇಕಾಗಿಲ್ಲ."

ಅಕ್ಕನ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಗಾಯ ಬಿಟ್ಟು, ಹಿಮ್ಮಡಿಯನ್ನೂ ಮೇಲ್ಪಾದವನ್ನೂ ಎರಡೂ ಕೈಯಲ್ಲಿ ಹಿಡಿದು ಕೂತೆ. ಮೊದಮೊದಲು ನನ್ನ ಕೈಯೇ ತಣ್ಣಗಾಗುತ್ತ ಬಂತು. ಅವಳು ಮುಜುಗರದಿಂದ ಯಾರ್ಯಾರದೋ ಮನೆಯ ಸುದ್ದಿ ಹೇಳುತ್ತಿದ್ದಳು. ಬಹಳ ಹೊತ್ತಾದ ಮೇಲೆ ಚರ್ಮ ಬೆಚ್ಚಗಾಗುತ್ತಿರುವುದು ನನಗೆ ಗೊತ್ತಾಯಿತು, ಅವಳಿಗೆ ಗೊತ್ತಾಗಲಿಲ್ಲ. ಔಷಧಿ ಬಿಟ್ಟೆ. ಈ ಸಲ ಅದು ನಿಂತಿತು, ಮಸುಕಾಯಿತು, ಗಟ್ಟಿಯಾಯಿತು. ಅಕ್ಕ ಕತ್ತು ಚಾಚಿ ನೋಡಿ, "ಕೂತ್ಕಂತು" ಎಂದಳು. ಅಷ್ಟು ಸಂತೋಷ ನನಗೆ ನೌಕರಿ ಸಿಕ್ಕ ದಿನವೂ ಆಗಿರಲಿಲ್ಲ.

ತೊಡಕು ಇದ್ದದ್ದು ಆಮೇಲೆ. ಔಷಧಿಯನ್ನು ದಿನ ಬಿಟ್ಟು ದಿನ ಹಚ್ಚಬೇಕು. ನನಗೆ ಶಾಲೆ. ಅವರ ಒಬ್ಬಳೇ ಮಗಳು ದಾವಣಗೆರೆಯಲ್ಲಿ ಎಳೆಮಗುವನ್ನು ಕಟ್ಟಿಕೊಂಡಿದ್ದಾಳೆ. ಉಳಿದವರು ಭಾವ.

"ನಾನು ಹಿಡ್ಕಂತೀನಿ, ಅದೇನ್ ಮಹಾ" ಎಂದರು ಭಾವ.

ಅಕ್ಕ ಕಾಲನ್ನು ಸರಕ್ಕನೆ ಎಳೆದು ಸೀರೆಯೊಳಗೆ ಮುಚ್ಚಿಕೊಂಡಳು. "ನೀವು ನನ್ನ ಕಾಲು ಹಿಡಿಯೋದಾ? ಬಿಡ್ತು ಅನ್ರಿ."

ಅಕ್ಕನ ವಿಷಯ ಹೇಳಬೇಕು. ಪೂಜೆ, ಮಡಿ, ಮೈಲಿಗೆ ಎಂದು ಅವಳು ಯಾರ ತಲೆಯನ್ನೂ ತಿಂದವಳಲ್ಲ. ಆದರೆ ಇದೊಂದು ಅವಳಿಗೆ ಮೂಳೆಯಲ್ಲಿ ಕೂತಿತ್ತು. ಭೀಮನ ಅಮಾವಾಸ್ಯೆಯ ದಿನ ಭಾವನನ್ನು ಮಣೆಯ ಮೇಲೆ ಕೂರಿಸಿ, ಅವರು ಮುಜುಗರದಿಂದ ಸೂರು ನೋಡುತ್ತಿದ್ದರೂ ಬಿಡದೆ, ಪಾದ ತೊಳೆದು ಅರಿಶಿನ ಕುಂಕುಮ ಇಡುತ್ತಾಳೆ. ಊಟಕ್ಕೆ ಬಡಿಸುವಾಗ ಅವಳ ಕಾಲು ಅಪ್ಪಿತಪ್ಪಿ ಅವರಿಗೆ ತಾಗಿದರೆ ಸೌಟು ಕೆಳಗಿಟ್ಟು, ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಾಳೆ. ಅಂಥವಳ ಪಾದವನ್ನು, ಅದೂ ಕೀವು ಸೋರುವ ಪಾದವನ್ನು, ಗಂಡ ತೊಡೆಯ ಮೇಲಿಟ್ಟುಕೊಳ್ಳುವುದೆಂದರೆ ಅವಳಿಗೆ ಅದು ಪಾಪ.

ನಾನು ವಾದ ಮಾಡಿದೆ. ವಾದ ಮಾಡಿ ಗೆಲ್ಲುವುದು ನನ್ನ ಕಸುಬು. "ಬೆರಳು ಕತ್ತರಿಸಿದ ಮೇಲೆ ಅವರೇ ಎತ್ತಿ ಕೂರಿಸ್ಬೇಕು ನಿನ್ನ. ಆಗ ಪಾಪ ಬರಲ್ವಾ?" ಎಂದೆ. "ಬಂದಾಗ ನೋಡಾಣ" ಎಂದಳು. ಕಾಲಿಗೆ ಸೀರೆ ಹೊದ್ದುಕೊಂಡು ಗೋಡೆಗೆ ಆನಿಕೊಂಡು ಕೂತವಳು ಕದಲಲಿಲ್ಲ. "ನಾನೇ ಹಿಡ್ಕಂತೀನಿ, ನನಗೇನು ಕೈ ಇಲ್ವಾ" ಎಂದಳು. ಭಾವ ಎದ್ದು ಹೊರಗೆ ಹೋದರು. ಅವರ ಬೆನ್ನು ನೋಡಿ ನನಗೆ ಸಂಕಟವಾಯಿತು. ಮಾಡುತ್ತೇನೆಂದು ಬಂದವರನ್ನು ಬೇಡ ಎಂದದ್ದು ಅವರಿಗೆ ನೋವಾಗಿತ್ತು.

ಅವಳಿಗೆ ಕೈ ಇತ್ತು, ಬಗ್ಗುವ ಸೊಂಟ ಇರಲಿಲ್ಲ. ಆ ವಾರ ಅವಳೇ ಹೇಗೋ ಮಾಡಿಕೊಂಡಳು. ಪಾದ ಸರಿಯಾಗಿ ಬೆಚ್ಚಗಾಗದೆ ಅರ್ಧ ಔಷಧಿ ಬಟ್ಟೆಗೆ ಹೋಯಿತು. ಮುಂದಿನ ಭಾನುವಾರ ನಾನು ಕಟ್ಟು ಬಿಚ್ಚಿದಾಗ ಗಾಯದ ಒಂದು ಅಂಚು ಕಪ್ಪಗಾಗಿತ್ತು. ನಾನು ಬೈಯಲಿಲ್ಲ. ಬೈಯದೆ ಇದ್ದದ್ದೇ ಅವಳಿಗೆ ಹೆದರಿಕೆಯಾಯಿತು ಎಂದು ಕಾಣುತ್ತದೆ. "ಏನಾದ್ರೂ ಅನ್ನೇ" ಎಂದಳು. ಭಾವ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದರು.

ಅದರ ಮುಂದಿನ ವಾರ ಹೋದಾಗ ಕಟ್ಟು ಚೆನ್ನಾಗಿತ್ತು. ಒಳಗೆ ಔಷಧಿ ಗಾಯದ ತುಂಬ ಕೂತಿತ್ತು. ತಣ್ಣನೆ ಸಲೈನ್ ಬಿಟ್ಟಾಗ ಸಲೀಸಾಗಿ ಕರಗಿತು, ಕೆಳಗೆ ಕೆಂಪನೆಯ ಹೊಸ ಮಾಂಸ. "ಯಾರು ಮಾಡಿದ್ದು?" ಎಂದೆ. "ಹೆಂಗೋ ಆಗುತ್ತೆ" ಎಂದಳು ಅಕ್ಕ. ಭಾವನ ಮುಖ ನೋಡಿದೆ. ಅವರು ಅಂಬ್ಲಿಗೊಳದ ಅಣೆಕಟ್ಟಿನಿಂದ ಕಾಲುವೆಗೆ ನೀರು ಯಾವಾಗ ಬಿಡುತ್ತಾರಂತೆ ಎಂದು ನನ್ನನ್ನು ಕೇಳಿದರು. ಕಾಲುವೆಯ ವಿಷಯ ಅವರು ನನ್ನನ್ನು ಕೇಳಿದ್ದು ಅದೇ ಮೊದಲು.

ಶಿವಮೊಗ್ಗದಲ್ಲಿ ಡಾಕ್ಟರು ನೋಡಿ, "ಹೀಗೇ ನಡೆದ್ರೆ ಬೆರಳಿಗೆ ಭಯವಿಲ್ಲ. ಯಾರು ಕಟ್ಟೋದು? ಕೈ ಚೆನ್ನಾಗಿದೆ" ಎಂದರು. ಅಕ್ಕ ನೆಲ ನೋಡಿದಳು. ಗಾಯ ಪೂರ್ತಿ ಮುಚ್ಚುವಾಗ ಯುಗಾದಿ ಕಳೆದಿತ್ತು. ಬೆರಳು ಉಳಿಯಿತು. ಈಗ ಮೆತ್ತನೆಯ ಚಪ್ಪಲಿ ಹಾಕಿಕೊಂಡು, ದಿನಾ ರಾತ್ರಿ ಅಂಗಾಲನ್ನು ಕನ್ನಡಿಯಲ್ಲಿ ನೋಡಿಕೊಂಡು, ಅವಳೇ ಡೇರಿಗೆ ಹಾಲು ಹಾಕುತ್ತಾಳೆ. ಆದರೆ ನಾನು ಹೇಳಬೇಕೆಂದು ಕೂತದ್ದು ಅದಕ್ಕೂ ಮುಂಚಿನ ಒಂದು ಮಧ್ಯಾಹ್ನದ ಸಂಗತಿ.

ಶಾಲೆಗೆ ಏನೋ ರಜೆ ಕೊಟ್ಟಿದ್ದರು. ಹೇಳದೆ ಕೇಳದೆ ಬಸ್ಸು ಹತ್ತಿ ಹೋದೆ. ಊಟದ ಹೊತ್ತು ಮುಗಿದಿತ್ತು. ಹಿತ್ತಿಲ ಕಡೆಯಿಂದ ಅಡುಗೆಮನೆಗೆ ಬಂದವಳು ನಡುಮನೆಯ ಬಾಗಿಲಲ್ಲೇ ನಿಂತೆ. ಅಕ್ಕ ಚಾಪೆಯ ಮೇಲೆ ಗೋಡೆ ಕಡೆ ಮುಖ ಮಾಡಿ ಮಲಗಿದ್ದಳು. ಭಾವ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅವಳ ಬಲಪಾದವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಲ್ಲಿ ಹಿಡಿದಿದ್ದರು. ಗದ್ದೆ ಕೆಲಸದ ದಪ್ಪ ಕೈಗಳು, ಉಗುರಿನ ಸಂದಿಯವರೆಗೂ ಉಜ್ಜಿ ತೊಳೆದಿದ್ದರು. ನನ್ನನ್ನು ಕಂಡು ಬೆಚ್ಚಿದರು. ಮಾತಾಡಬೇಡ ಎಂದು ಕಣ್ಣಲ್ಲೇ ಹೇಳಿದರು. ನಾನು ಅಲ್ಲಾಡಲಿಲ್ಲ.

ಅವಳ ಪಾದಕ್ಕೆ ಮುಟ್ಟಿದ್ದು ತಿಳಿಯುವುದಿಲ್ಲ. ಆ ಪಾದದ ಜೋಮನ್ನೇ ನೆಚ್ಚಿಕೊಂಡು, ಹೆಂಡತಿ ನಿದ್ದೆ ಹೋದಾಗ ಇವರು ಕಳ್ಳರ ಹಾಗೆ ಬಂದು ಕೂರುತ್ತಿದ್ದಾರೆ ಎಂದು ನನಗೆ ಅರ್ಥವಾಯಿತು. ಪಾದ ಬೆಚ್ಚಗಾದ ಮೇಲೆ ಎದ್ದು, ಸದ್ದಾಗದಂತೆ ಫ್ರಿಜ್ಜು ತೆಗೆದು, ಔಷಧಿ ತಂದು ಬಿಟ್ಟರು. ಅದು ಕೂತುಕೊಳ್ಳುವವರೆಗೂ ಬಗ್ಗಿ ನೋಡಿದರು. ಕಟ್ಟು ಕಟ್ಟಿದರು. ಸೀರೆಯ ಅಂಚನ್ನು ಪಾದದ ಮೇಲೆ ಎಳೆದು, ಟವೆಲ್ ಹೆಗಲಿಗೆ ಹಾಕಿಕೊಂಡು ಗದ್ದೆಗೆ ಹೊರಟುಹೋದರು.

ನಾನು ಹೋಗಿ ಅಕ್ಕನ ತಲೆಯ ಹತ್ತಿರ ಕೂತೆ. ಎಬ್ಬಿಸಬಾರದು ಎಂದುಕೊಂಡೆ. ಅವಳು ಕಣ್ಣು ತೆರೆಯದೆಯೇ ಕೇಳಿದಳು, "ಹೋದ್ರಾ?"

"ನೀನು ಎದ್ದಿದೀಯಾ?"

"ಎದ್ದಿದ್ರೆ ಬ್ಯಾಡ ಅನ್ಬೇಕಾಗುತ್ತಲ್ಲೇ. ಅದಕ್ಕೆ ಮಲಗಿರ್ತೀನಿ."

"ಭಾವ ಪಾಪ, ನಿನಗೆ ಗೊತ್ತೇ ಆಗಿಲ್ಲ ಅಂದ್ಕೊಂಡಿದಾರೆ."

ಅಕ್ಕ ಈಗ ಕಣ್ಣು ತೆರೆದು, ನಾನು ಇನ್ನೂ ಜಡೆ ಹಾಕಿಸಿಕೊಳ್ಳುವ ಹುಡುಗಿಯೇ ಎಂಬಂತೆ ನನ್ನನ್ನು ನೋಡಿದಳು.

"ಒಳಗೆ ಬರೋಕೆ ಮುಂಚೆ ಜಗುಲಿ ಮ್ಯಾಲೆ ನಿಂತು ಒಂದ್ಸಲ ಕೆಮ್ತಾರೆ" ಎಂದಳು. "ನಾನು ಮಲಗ್ಲಿ ಅಂತ."